ತಲೆಮಾರುಗಳ ಕಥೆಗೆ ಒಂದು ಹಳದಿ ಮಾಲೆ: ರೆಕ್ಲಾಮ್ ಪುಸ್ತಕಗಳ ಪರಿಚಯ ಮತ್ತು ವಿಮರ್ಶೆ

ತಂದೆ ಮಕ್ಕಳ ಸಂಘರ್ಷ, ಮನೆತನಗಳ ಏಳುಬೀಳು, ಹಿರಿಯರ ಅಪರಾಧವನ್ನು ಹೊರಬೇಕಾದ ಕಿರಿಯರ ಸಂಕಟ ಇವು ಜರ್ಮನ್ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ವಸ್ತುಗಳು. ಇವನ್ನು ಮೂಲಭಾಷೆಯಲ್ಲಿಯೇ ಓದಬಯಸುವವರಿಗೆ ನಾನು ಮೊದಲು ಸೂಚಿಸುವುದು ರೆಕ್ಲಾಮ್ ಪ್ರಕಾಶನದ ಯೂನಿವರ್ಸಲ್ ಬಿಬ್ಲಿಯೋಟೆಕ್ ಮಾಲೆಯನ್ನು. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ, ಹಳದಿ ಹೊದಿಕೆಯ ಈ ಪುಸ್ತಕಗಳು ಜರ್ಮನಿಯ ಶಾಲೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ವಿದ್ಯಾರ್ಥಿಗಳ ಕೈಯಲ್ಲಿ ಸದಾ ಕಾಣುತ್ತವೆ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಇವನ್ನು ಮೆಚ್ಚಿದರೆ ಸಾಲದು. ಒಂದು ಕಾಲದ ಮಗನನ್ನು ಇನ್ನೊಂದು ಕಾಲದ ಮಗನ ಪಕ್ಕದಲ್ಲಿ ನಿಲ್ಲಿಸಿ ನೋಡಲು ಇಷ್ಟು ಒದಗುವ ಬೇರೊಂದು ಮಾಲೆಯನ್ನು ನಾನು ಕಂಡಿಲ್ಲ.

ಮಾಲೆ ಹುಟ್ಟಿದ್ದಕ್ಕೆ ಕಾರಣವಾದದ್ದೂ ತಲೆಮಾರಿನ ಲೆಕ್ಕವೇ. ಲೇಖಕರು ತೀರಿಕೊಂಡು 30 ವರ್ಷ ಕಳೆದ ಕೃತಿಗಳನ್ನು ಯಾರು ಬೇಕಾದರೂ ಮುದ್ರಿಸಬಹುದೆಂಬ ನಿಯಮ 1867ರ ನವೆಂಬರ್‌ನಲ್ಲಿ ಜಾರಿಗೆ ಬಂದಾಗ, ಲೈಪ್‌ಜಿಗ್‌ನ ಈ ಪ್ರಕಾಶನವು ಗಯಟೆಯ 'ಫೌಸ್ಟ್' ನಾಟಕದ ಮೊದಲ ಭಾಗವನ್ನು ಎರಡು ಸಿಲ್ಬರ್‌ಗ್ರೋಷನ್ (ಆ ಕಾಲದ ಸಣ್ಣ ಬೆಳ್ಳಿ ನಾಣ್ಯ) ಬೆಲೆಗೆ ಮಾರುಕಟ್ಟೆಗೆ ತಂದಿತು. ಈಗ ಪ್ರಕಾಶನದ ನೆಲೆ ಷ್ಟುಟ್‌ಗಾರ್ಟ್ ಬಳಿಯ ಡಿಟ್ಸಿಂಗನ್.

ಮಾಲೆಯ ಮೂರನೆಯ ಪುಸ್ತಕ ಲೆಸ್ಸಿಂಗ್‌ನ 1779ರ ನಾಟಕ 'ನಾಥಾನ್ ಡೆರ್ ವೈಸೆ'. ತಲೆಮಾರುಗಳ ವಿಷಯವನ್ನು ಅಭ್ಯಾಸ ಮಾಡುವವರು ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ನಾಟಕವೆಂದರೆ ಧಾರ್ಮಿಕ ಸಹಿಷ್ಣುತೆ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಆದರೆ ಅದರ ನಡುವಿನಲ್ಲಿರುವ ಉಂಗುರದ ಕಥೆ ತಂದೆಯಿಂದ ಮಗನಿಗೆ ಸಾಗಿಬರುವ ಆಸ್ತಿಯ ಕಥೆ. ಮೂವರು ಮಕ್ಕಳನ್ನೂ ಸಮನಾಗಿ ಪ್ರೀತಿಸುವ ಒಬ್ಬ ತಂದೆ ಉಂಗುರದ ಪಡಿಯಚ್ಚುಗಳನ್ನು ಮಾಡಿಸಿದ ಕ್ಷಣವೇ ಪರಂಪರೆಯ ಸರಪಳಿ ಸಡಿಲವಾಗುತ್ತದೆ, ಮತ್ತು ನಿಜವಾದ ಉಂಗುರ ಯಾರದೆಂಬುದನ್ನು ಮುಂದಿನವರು ತಮ್ಮ ನಡತೆಯಿಂದ ತೋರಿಸಬೇಕಾಗುತ್ತದೆ. ಹೆಂಡತಿಯನ್ನೂ ಏಳು ಗಂಡುಮಕ್ಕಳನ್ನೂ ಬೆಂಕಿಗೆ ಕಳೆದುಕೊಂಡ ಯಹೂದಿ ನಾಥಾನ್ ಕ್ರೈಸ್ತ ಶಿಶುವೊಂದನ್ನು ತನ್ನ ಮಗಳಾಗಿ ಸಾಕಿದವನು. ಕೊನೆಯ ದೃಶ್ಯದಲ್ಲಿ ಎಲ್ಲರೂ ಪರಸ್ಪರ ರಕ್ತಸಂಬಂಧಿಗಳೆಂದು ಗೊತ್ತಾದಾಗ ಆ ಸಂಬಂಧದ ಹೊರಗೆ ಉಳಿಯುವವನು ಅವನೊಬ್ಬನೇ. ಆದರೂ ತಂದೆಯೆಂಬ ಸ್ಥಾನ ಅವನ ಕೈತಪ್ಪುವುದಿಲ್ಲ. ತಂದೆಯಾಗುವುದಕ್ಕೆ ರಕ್ತವೊಂದೇ ಸಾಕೇ ಎಂದು ಮಗಳು ರೇಖಾ ಕೇಳುವ ಪ್ರಶ್ನೆ ಮುಂದಿನ ಎರಡು ಶತಮಾನಗಳ ಜರ್ಮನ್ ಸಾಹಿತ್ಯವನ್ನು ಬಿಡದೆ ಹಿಂಬಾಲಿಸಿದೆ. ಪದ್ಯದ ಸಾಲುಗಳಿಗೆ ಸಂಖ್ಯೆ ಕೊಟ್ಟಿರುವುದರಿಂದ ಇಂಥ ಮಾತುಗಳನ್ನು ಹುಡುಕುವುದೂ ಉಲ್ಲೇಖಿಸುವುದೂ ಸುಲಭ.

ಷಿಲ್ಲರ್‌ನ 'ಡಿ ರಾಯ್ಬರ್', ಹೆಬ್ಬೆಲ್‌ನ 'ಮರಿಯಾ ಮಗ್ಡಲೇನಾ' ಮತ್ತು ಫಾಂಟಾನೆಯ 'ಎಫಿ ಬ್ರೀಸ್ಟ್' ಕೂಡ ಮಾಲೆಯಲ್ಲಿವೆ. ಇವುಗಳಲ್ಲಿ ಫಾಂಟಾನೆಯ ಕಾದಂಬರಿಯನ್ನು ಮಾತ್ರ ಯಾರೂ ಬಿಡಬಾರದು. ಹದಿನೇಳರ ಎಫಿಯನ್ನು ಮದುವೆಯಾಗುವವನು ಒಂದು ಕಾಲಕ್ಕೆ ಅವಳ ತಾಯಿಯನ್ನು ಬಯಸಿದ್ದವನು. ತಾಯಿಯ ತಲೆಮಾರಿನಲ್ಲಿ ಈಡೇರದೆ ಉಳಿದದ್ದರ ಬೆಲೆಯನ್ನು ಮಗಳು ತೆರುವ ಈ ಕಥೆ, ತಲೆಮಾರೆಂದರೆ ತಂದೆ ಮತ್ತು ಮಗ ಎಂದೇ ಎಣಿಸುವ ಅಭ್ಯಾಸವನ್ನು ತಿದ್ದುತ್ತದೆ.

ನನ್ನ ದೃಷ್ಟಿಯಲ್ಲಿ ಮಾಲೆಯ ಬೆಲೆ ಪೂರ್ತಿಯಾಗಿ ತಿಳಿಯುವುದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಂದಾಗ. 1914ರಲ್ಲಿ ಪ್ರಕಟವಾದ ವಾಲ್ಟರ್ ಹಾಸೆನ್‌ಕ್ಲೆವರ್‌ನ 'ಡೆರ್ ಝೋನ್' ನಾಟಕದಲ್ಲಿ ಮಗ ತಂದೆಯ ಮೇಲೆ ರಿವಾಲ್ವರ್ ಎತ್ತುತ್ತಾನೆ, ಗುಂಡು ಹಾರುವ ಮೊದಲೇ ತಂದೆ ಆಘಾತದಿಂದ ಸಾಯುತ್ತಾನೆ. ಕಾಫ್ಕಾ 1912ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ಬರೆದು ಮುಗಿಸಿದ 'ಡಾಸ್ ಉರ್ಟೈಲ್' ಕಥೆಯಲ್ಲಿ ತಂದೆಯೇ ಮಗನಿಗೆ ನೀರಿನಲ್ಲಿ ಮುಳುಗಿ ಸಾಯುವ ಶಿಕ್ಷೆ ವಿಧಿಸುತ್ತಾನೆ, ಮಗ ಓಡಿಹೋಗಿ ಅದನ್ನು ನೆರವೇರಿಸುತ್ತಾನೆ. ಸಮಾಜಶಾಸ್ತ್ರಜ್ಞ ಕಾರ್ಲ್ ಮಾನ್‌ಹೈಮ್ ತಲೆಮಾರುಗಳ ಕುರಿತು 1928ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ಅಧ್ಯಯನಕ್ಕೆ ಇಂದಿಗೂ ಬುನಾದಿ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರಾಗುವುದಿಲ್ಲ, ಒಂದೇ ಅನುಭವಕ್ಕೆ ಒಳಗಾದವರೂ ಅದಕ್ಕೆ ವಿರುದ್ಧ ದಿಕ್ಕುಗಳಲ್ಲಿ ಸ್ಪಂದಿಸುವ ಬಣಗಳಾಗಿ ಒಡೆಯುತ್ತಾರೆ ಎಂಬುದು ಅವನ ವಾದ. ಹಾಸೆನ್‌ಕ್ಲೆವರ್ ಮತ್ತು ಕಾಫ್ಕಾರ ಪುಸ್ತಕಗಳನ್ನು ಒಟ್ಟಿಗೆ ಓದಿದಾಗ ಆ ವಾದ ಕಣ್ಣೆದುರೇ ನಿಲ್ಲುತ್ತದೆ: ಒಬ್ಬ ಮಗ ಆಯುಧ ಹಿಡಿಯುತ್ತಾನೆ, ಇನ್ನೊಬ್ಬ ತೀರ್ಪಿಗೆ ತಲೆಬಾಗುತ್ತಾನೆ.

ಕಾಫ್ಕಾ 1919ರಲ್ಲಿ ತಂದೆಗೆ ಬರೆದ, ತಂದೆಯ ಕೈ ಸೇರದೆ ಉಳಿದ, ನೂರಕ್ಕೂ ಹೆಚ್ಚು ಕೈಬರಹದ ಪುಟಗಳ ಪತ್ರವೂ ಹಳದಿ ಹೊದಿಕೆಯಲ್ಲಿ ದೊರೆಯುತ್ತದೆ. ಪತ್ರದ ಕೊನೆಯಲ್ಲಿ ಮಗ ತಂದೆಯ ದನಿಯನ್ನು ತಾನೇ ತಾಳಿ, ತನ್ನ ಆರೋಪಗಳಿಗೆ ಅವನ ಪರವಾಗಿ ಉತ್ತರ ಬರೆಯುತ್ತಾನೆ. ತಂದೆಯನ್ನು ದೂರುವ ಸಾಹಿತ್ಯ ಬಹಳವಿದೆ. ದೂರಿನೊಳಗೇ ತಂದೆಗೆ ಮಾತಾಡಲು ಜಾಗ ಬಿಟ್ಟುಕೊಟ್ಟ ಈ ಪ್ರಾಮಾಣಿಕತೆಗೆ ಸಮನಾದದ್ದು ವಿರಳ.

ಪಠ್ಯದ ಜೊತೆಗೆ ಹಸಿರು ಹೊದಿಕೆಯ ವ್ಯಾಖ್ಯಾನ ಪುಸ್ತಕಗಳನ್ನೂ ಕೊಳ್ಳುವುದು ಒಳ್ಳೆಯದು. ಕಠಿಣ ಪದಗಳ ಅರ್ಥ, ಕೃತಿ ರೂಪುಗೊಂಡ ಬಗೆ, ಸಮಕಾಲೀನರ ಅಭಿಪ್ರಾಯಗಳು, ನಂತರದ ವಿದ್ವಾಂಸರ ಚರ್ಚೆ ಎಲ್ಲವೂ ಅಲ್ಲಿ ಒಂದೆಡೆ ಸಿಗುವುದರಿಂದ ಒಂದೇ ಕೃತಿಯನ್ನು ಬೇರೆ ಬೇರೆ ತಲೆಮಾರಿನವರು ಹೇಗೆ ಓದಿದರೆಂಬುದು ಸ್ಪಷ್ಟವಾಗುತ್ತದೆ. ಹಳದಿ ಪುಸ್ತಕಗಳ ಹಿನ್ನುಡಿಗಳನ್ನು ಮಾತ್ರ ಬರೆದ ವರ್ಷ ಗಮನಿಸಿ ಓದಬೇಕು, ಏಕೆಂದರೆ ವಿಮರ್ಶಕನೂ ತನ್ನ ಕಾಲದವನೇ. ಅಕ್ಷರಗಳು ಚಿಕ್ಕವು, ಅಂಚಿನಲ್ಲಿ ಟಿಪ್ಪಣಿ ಬರೆಯಲು ಜಾಗ ಕಡಿಮೆ. ದೀರ್ಘ ಕಾದಂಬರಿಗಳಿಗೆ ದೊಡ್ಡ ಆಕಾರದ ಬೇರೆ ಮುದ್ರಣ ಹಿತವೆನಿಸಬಹುದು.

ಕೊಳ್ಳುವವರು ತಿಳಿದಿರಬೇಕಾದ ದೊಡ್ಡ ಮಿತಿ ಹಕ್ಕುಸ್ವಾಮ್ಯದ್ದು. ಜರ್ಮನಿಯಲ್ಲಿ ಈಗ ಲೇಖಕರು ತೀರಿಕೊಂಡ ಬಳಿಕ 70 ವರ್ಷ ಹಕ್ಕು ಉಳಿಯುತ್ತದೆ. 1955ರಲ್ಲಿ ತೀರಿಕೊಂಡ ಥಾಮಸ್ ಮಾನ್‌ನ, ನಾಲ್ಕು ತಲೆಮಾರುಗಳ ವ್ಯಾಪಾರಿ ಮನೆತನವನ್ನು ಚಿತ್ರಿಸುವ 'ಬುಡನ್‌ಬ್ರೋಕ್ಸ್' ಕಾದಂಬರಿಯ ಮೇಲಿನ ಹಕ್ಕು 2025ರ ಕೊನೆಯವರೆಗೂ ಇತ್ತು. ನಾತ್ಸಿ ಕಾಲದ ತಂದೆಯಂದಿರನ್ನು ಮಕ್ಕಳು ವಿಚಾರಣೆಗೆ ಒಳಪಡಿಸುವ ಪುಸ್ತಕಗಳಿಗೂ ಇದೇ ತೊಡಕು. ಬರ್ನ್‌ವಾರ್ಡ್ ವೆಸ್ಪರ್‌ನ 1977ರ 'ಡಿ ರೈಸೆ', ಕ್ರಿಸ್ಟಾಫ್ ಮೆಕ್ಕೆಲ್‌ನ 1980ರ 'ಝೂಖ್‌ಬಿಲ್ಡ್', ನಾತ್ಸಿಗಳ ಸಶಸ್ತ್ರ ಪಡೆಯಾದ ವಾಫೆನ್ ಎಸ್ಸೆಸ್ ಸೇರಿ 1943ರಲ್ಲಿ ಸತ್ತ ಅಣ್ಣನ ಬಗ್ಗೆ ಊವೆ ಟಿಮ್ 2003ರಲ್ಲಿ ಪ್ರಕಟಿಸಿದ ಪುಸ್ತಕ ಇವೆಲ್ಲ ಬೇರೆ ಪ್ರಕಾಶನಗಳಿಂದ ಬಂದವು. ಬೆರ್ನ್‌ಹಾರ್ಡ್ ಷ್ಲಿಂಕ್‌ನ 1995ರ 'ಡೆರ್ ಫೋರ್‌ಲೇಸರ್' ಕಾದಂಬರಿಗೆ ರೆಕ್ಲಾಮ್ ವ್ಯಾಖ್ಯಾನವನ್ನು ಹೊರತಂದಿದೆ, ಕಾದಂಬರಿ ಬೇರೆಯವರದು. ಆದ್ದರಿಂದ 1945ರ ನಂತರದ ಭಾಗಕ್ಕೆ ಬೇರೆಯಾಗಿ ಹಣ ತೆಗೆದಿರಿಸಿ, ಅದರಲ್ಲಿ ಮೊದಲು ಊವೆ ಟಿಮ್‌ನ ಪುಸ್ತಕವನ್ನು ಕೊಳ್ಳಿ ಎಂದು ಹೇಳುತ್ತೇನೆ. ತಂದೆ, ತಾಯಿ, ಅಕ್ಕ ಎಲ್ಲರೂ ತೀರಿಕೊಂಡ ಮೇಲೆಯೇ ಅವನಿಗೆ ಅಣ್ಣನ ಬಗ್ಗೆ ಬರೆಯಲು ಸಾಧ್ಯವಾಯಿತು.