ಡೆಬಿಯನ್ 13: ಅಂಗಡಿ ಸಿಸ್ಟಮ್‌ಗೆ ಹಾಕ್ಬಹುದಾ?

ಉಡುಪಿಲಿ ನಮ್ದು ಡಿಟಿಪಿ, ಝೆರಾಕ್ಸ್ ಅಂಗಡಿ. ಬ್ರಹ್ಮಕಲಶದ ಆಮಂತ್ರಣ, ನೇಮದ ಹ್ಯಾಂಡ್‌ಬಿಲ್, ಮಣಿಪಾಲದ ಮಕ್ಕಳ ಪ್ರಾಜೆಕ್ಟ್ ಪ್ರಿಂಟು ಇದೇ ಕೆಲಸ, ಸೀಸನ್ನಲ್ಲಿ ಸಿಸ್ಟಮ್ ಒಂದು ಗಂಟೆ ನಿಂತ್ರೆ ಗಿರಾಕಿ ಪಕ್ಕದಂಗಡಿಗೆ ಹೋದ ಹಾಗೇ. ಹಾಗಾಗಿ 2025ರ ಆಗಸ್ಟಲ್ಲಿ ಬಂದ ಡೆಬಿಯನ್ 13, ಅಂದ್ರೆ ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಸಿಸ್ಟಮ್, ಅದ್ರಲ್ಲಿ ಐಕಾನ್ ಚಂದ ಉಂಟಾ, ವಾಲ್‌ಪೇಪರ್ ಹೇಗುಂಟು ಅಂತೆಲ್ಲ ನಾನು ನೋಡುದಿಲ್ಲ. ನಿನ್ನೆವರೆಗೆ ಓಡ್ತಿದ್ದದ್ದು ಅಪ್‌ಗ್ರೇಡ್ ಆದ್ಮೇಲೂ ಓಡ್ತದಾ, ಓಡದಿದ್ರೆ ಮೊದ್ಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ, ಅಷ್ಟೇ ನೋಡುದು.

ದೊಡ್ಡ ರಗಳೆ ಟಿಎಂಪಿ ಫೋಲ್ಡರಿಂದು. ಈ ಸಲದಿಂದ ಅದು ಡಿಸ್ಕಲ್ಲಿ ಇಲ್ಲ, ರ‍್ಯಾಮಲ್ಲಿ. ರೀಬೂಟ್ ಆದ್ರೆ ಒಳಗಿದ್ದದ್ದೆಲ್ಲ ಖಾಲಿ. ಟೆಂಪರರಿ ಫೋಲ್ಡರ್ ಅಲ್ವ, ಖಾಲಿ ಆಗ್ಲಿ ಬಿಡಿ ಅಂತೀರಾ? ಡಿಟಿಪಿ ಅಂಗಡಿಗೆ ಒಮ್ಮೆ ಬಂದು ನೋಡಿ ಮಾರಾಯ್ರೆ, ಗಿರಾಕಿ ಸ್ಕ್ಯಾನ್ ಮಾಡಿಸಿದ ಆಧಾರ್, ಅರ್ಧ ಆದ ಪ್ರೂಫು ಎಲ್ಲ ಬಿದ್ದಿರುದೇ ಅಲ್ಲಿ. ಮೇಲಿಂದ ಅದು ಅರ್ಧ ರ‍್ಯಾಮ್ ತನಕ ತಿನ್ಬಹುದು, 4 ಜಿಬಿ ಮಿಷಿನಲ್ಲಿ ದೊಡ್ಡ ಫ್ಲೆಕ್ಸ್ ಫೈಲು ತೆಗೆದ್ರೆ ಮುಗೀತು. ಆದ್ರೆ ಇದನ್ನ ಡೆಬಿಯನ್‌ನವ್ರು ಮುಚ್ಚಿಡ್ಲಿಲ್ಲ. ರಿಲೀಸ್ ನೋಟ್ಸಲ್ಲೇ (ಹೊಸ ವರ್ಶನಲ್ಲಿ ಏನು ಬದ್ಲಾಯ್ತು ಅಂತ ಹೇಳುವ ಪುಟ) ಬರ್ದಿದ್ದಾರೆ, ಬೇಡ ಅಂತಾದ್ರೆ ರೂಟಲ್ಲಿ (ಅಡ್ಮಿನ್ ಆಗಿ) ‘ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್’ ಕೊಟ್ಟು ರೀಬೂಟ್ ಮಾಡಿ, ಹಳೇ ಕ್ರಮಕ್ಕೇ ಬರ್ತದೆ ಅಂತ. ಅಪ್‌ಗ್ರೇಡ್ ಮಾಡುವಾಗ ಅದ್ರಲ್ಲಿದ್ದ ಹಳೇ ಫೈಲು ಅಳಿಸಿ ಹೋಗುದೂ ಇಲ್ಲ, ಹೊಸದ್ರ ಅಡಿಲಿ ಕಾಣದ ಹಾಗೆ ಕೂತಿರ್ತದೆ, ತೆಗಿಲಿಕ್ಕೆ ದಾರಿಯೂ ಅಲ್ಲೇ ಉಂಟು.

ನಾವು ದುಡ್ಡು ಕೊಟ್ಟು ತಗೊಂಡ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು, ಹೆಸ್ರು ಬೇಡ, ರಾತ್ರಿ ಅದರಷ್ಟಕ್ಕೇ ಅಪ್‌ಡೇಟ್ ಆಗಿ ಬೆಳಿಗ್ಗೆ ಬಿಲ್ಲಿನ ಫಾರ್ಮ್ಯಾಟೇ ಬೇರೆ. ಫೋನ್ ಮಾಡಿದ್ರೆ “ಹೊಸ ವರ್ಶನ್ ಹಾಗೇ ಸರ್, ಅಭ್ಯಾಸ ಆಗ್ತದೆ.”

ಡೆಬಿಯನ್‌ನವ್ರಿಗೆ ಹಿಂದೆ ಹೋಗ್ಲಿಕ್ಕೆ ಮರ್ಯಾದೆ ಪ್ರಶ್ನೆ ಇಲ್ಲ. 2024ರ ಮಾರ್ಚಲ್ಲಿ ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಟೂಲಲ್ಲಿ ಬ್ಯಾಕ್‌ಡೋರ್ (ಯಾರೋ ಕದ್ದು ಇಟ್ಟ ಕಳ್ಳದಾರಿ) ಸಿಕ್ಕಿತಲ್ಲ, ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಇನ್ನೊಂದು ಕಂಪ್ಯೂಟರ್ ಒಳಗೆ ಹೋಗುದು) ಅರ್ಧ ಸೆಕೆಂಡ್ ಲೇಟಾಗ್ತದೆ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪ್ರೋಗ್ರಾಮರ್ ಕೆದಕಿ ತೆಗೆದದ್ದು. ನಮ್ಮಂಥವ್ರು ಹಾಕುವ ಸ್ಟೇಬಲ್‌ಗೆ ಅದು ಬಂದೇ ಇರ್ಲಿಲ್ಲ, ಇನ್ನೂ ತಯಾರಾಗ್ತಿರುವ ಟೆಸ್ಟಿಂಗ್, ಅನ್‌ಸ್ಟೇಬಲ್‌ನಲ್ಲಿ ಇತ್ತು. ತೆಗಿಬೇಕು, ಆದ್ರೆ ಅಪ್‌ಡೇಟ್ ಮಾಡುವಾಗ ಸಿಸ್ಟಮ್ ದೊಡ್ಡ ನಂಬ್ರ ಇದ್ದದ್ದನ್ನೇ ಹೊಸದು ಅಂತ ತಗೊಳ್ಳುದು, ಹಾಗಾಗಿ ಅವ್ರು ಕೊಟ್ಟ ವರ್ಶನ್ ‘5.6.1+ರಿಯಲಿ5.4.5’. ಹೊರಗಿಂದ 5.6.1, ಒಳಗೆ ನಿಜವಾಗಿ ಇರುದು ಹಳೇ 5.4.5. ನಂಗೆ ನಗು ಬಂತು, ಖುಷಿಯೂ ಆಯ್ತು.

ಸಿಸ್ಟಮಿನ ತಿರುಳಾದ ಕರ್ನೆಲ್‌ದು ಹೇಳುದೇ ಬೇಡ. ಚೇಂಜ್ ಮಾಡಿದ್ರಿಂದ ಓಡ್ತಿದ್ದ ಪ್ರೋಗ್ರಾಂ ನಿಂತ್ರೆ ತಪ್ಪು ಕರ್ನೆಲ್‌ದೇ, ರಿವರ್ಟ್ ಮಾಡಿ ಅನ್ನುದು ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಎಷ್ಟೋ ವರ್ಷದಿಂದ ಹಿಡ್ಕೊಂಡು ಬಂದ ಹಠ.

ಎಲ್ಲ ಸರಿ ಉಂಟು ಅಂತಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೇ ವರ್ಶನ್ 2 ಡೆಬಿಯನ್ 12ರಲ್ಲೇ ಹೋಯ್ತು. ನಮ್ಮಲ್ಲಿ ಹಳೇ ನುಡಿ ಫಾಂಟಿನ ಆಮಂತ್ರಣಗಳನ್ನ ಯೂನಿಕೋಡ್ ಮಾಡುವ ಸಣ್ಣ ಸ್ಕ್ರಿಪ್ಟ್ ಇತ್ತು, ಪೈಥಾನ್ 3ರಲ್ಲಿ ಅದು ಪ್ರಿಂಟ್ ಇರುವ ಮೊದಲ ಲೈನಲ್ಲೇ ಢಮಾರ್. ಪ್ರಿಂಟಿಗೆ ಬ್ರಾಕೆಟ್ ಹಾಕಿದ್ರೆ ಮುಗಿಯುದಿಲ್ಲ, ಫೈಲ್ ತೆಗೆಯುವಾಗ ಎನ್‌ಕೋಡಿಂಗೂ (ಅಕ್ಷರ ಯಾವ ಕೋಡಲ್ಲಿ ಉಂಟು ಅಂತ) ಹೇಳ್ಬೇಕು, ಇಲ್ದಿದ್ರೆ ಯುಟಿಎಫ್-8 ಅಂದ್ಕೊಂಡು ಎರರ್. ಇದು ಡೆಬಿಯನ್ ತಪ್ಪಲ್ಲ, 2008ರಲ್ಲಿ ಪೈಥಾನ್ 3 ಬಂದು, 2020ರ ಜನವರಿ 1ಕ್ಕೆ 2ರ ಸಪೋರ್ಟೇ ನಿಂತದ್ದು. ಆ ಪೈಥಾನ್‌ನವ್ರೂ ತೆಗೆದುಹಾಕಿದ ‘ಯು’ ಪ್ರಿಫಿಕ್ಸನ್ನ (ಯೂನಿಕೋಡ್ ಅಕ್ಷರಗಳ ಮೊದ್ಲು ಹಾಕ್ತಿದ್ದ ಗುರ್ತು) 3.3ರಲ್ಲಿ ವಾಪಸ್ ತಂದ್ರು, ಹಳೇ ಕೋಡ್ ಇದ್ದವ್ರ ಕಷ್ಟ ನೋಡ್ಲಿಕ್ಕಾಗದೆ.

ಇನ್ನು 32 ಬಿಟ್ ಮಿಷಿನ್ ಇದ್ದವ್ರು 13ರ ಆಸೆ ಬಿಡಿ, ಅದಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನೆಲೂ ಇಲ್ಲ. 64 ಬಿಟ್ ಸಿಸ್ಟಮಲ್ಲಿ ಹಳೇ 32 ಬಿಟ್ ಪ್ರೋಗ್ರಾಂ ಓಡ್ಸುದಾದ್ರೆ ಮಾತ್ರ ಪ್ಯಾಕೇಜ್ ಇಟ್ಟಿದ್ದಾರೆ.

ಐದಕ್ಕೆ ನಾಲ್ಕು ಕೊಡ್ತೇನೆ. ಹಾಕುದಾದ್ರೆ ರಿಲೀಸ್ ನೋಟ್ಸ್ ಮೊದ್ಲು ಓದಿ, ನೇಮದ ಸೀಸನ್ ಮುಗಿದ್ಮೇಲೆ ಹಾಕಿ.