ಜಿಲ್ಲಾ ಆಸ್ಪತ್ರೆಯ ಎಮರ್ಜೆನ್ಸಿ ಹೇಗಿದೆ? ಒಂದು ರಾತ್ರಿ ಒಳಗೆ ನಿಂತು ನೋಡಿದ್ದು

ಚಿಕಿತ್ಸೆಗೆ ಐದಕ್ಕೆ ಐದು ಸ್ಟಾರ್. ಜನರ ಜೊತೆ ನಡೆದುಕೊಂಡ ರೀತಿಗೂ ಐದು. ಕುಡಿಯುವ ನೀರು, ಶೌಚಾಲಯ, ಜೊತೆಗೆ ಬಂದವರಿಗೆ ಕೂರುವ ಜಾಗ, ಇವಕ್ಕೆ ಎರಡು ಕೊಟ್ಟರೆ ಜಾಸ್ತಿ. ಬರೆಯುತ್ತಿರುವುದು ಒಂದು ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಎಮರ್ಜೆನ್ಸಿ ಬಗ್ಗೆ. ಹೆಸರು ಹಾಕುತ್ತಿಲ್ಲ. ಹೊಗಳಿಕೆಯ ಜೊತೆ ದೂರೂ ಇದೆ, ಆ ದೂರು ಸುತ್ತಿ ಸುತ್ತಿ ಕೊನೆಗೆ ಬಂದು ಬೀಳುವುದು ರಾತ್ರಿ ಪಾಳಿಯ ಸಿಸ್ಟರ್ ತಲೆ ಮೇಲೆ. ಅದು ನನಗೆ ಬೇಡ.

ನಮ್ಮ ಸೋದರಮಾವ ಕತ್ತಲಾಗುವ ಹೊತ್ತಿಗೆ ದನಕ್ಕೆ ಹಾಕಲು ಬಣವೆಯಿಂದ ಹುಲ್ಲು ಹಿರಿಯಲು ಹೋಗಿದ್ದರು. ಪಾದಕ್ಕೆ ಹಾವು ಕಚ್ಚಿತು. ನೋಡಿದವರು ಕೊಳಕುಮಂಡಲ ಅಂದರು. 108ಕ್ಕೆ ಫೋನ್ ಮಾಡಿದೆವು. 2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ ಅಂತ ಶುರುವಾದ ಸೇವೆ ಅದು, ಈಗ ನಮ್ಮ ಊರಲ್ಲಿ ಮಕ್ಕಳಿಗೂ ಆ ನಂಬರ್ ಬಾಯಿಪಾಠ. ಆಂಬುಲೆನ್ಸಿನಲ್ಲಿದ್ದ ಹುಡುಗ ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ಜೇಬಿನಿಂದ ಪೆನ್ ತೆಗೆದು, ಬಾವು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಕಾಲಿನ ಮೇಲೇ ಒಂದು ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗೆರೆ, ಇನ್ನೊಂದು ಟೈಮ್. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ನೋಡಿದ್ದು ಆ ಗೆರೆಗಳನ್ನೇ.

ಊರಲ್ಲಿ ಯಾರೋ ಗಾಬರಿಯಲ್ಲಿ ಮೊಣಕಾಲಿನ ಕೆಳಗೆ ಹಗ್ಗ ಬಿಗಿದಿದ್ದರು. ಹಾವು ಕಚ್ಚಿದ ಮೇಲೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಾಲು ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ ಹೊರಡಬೇಕು, ಅಷ್ಟೇ. ಇದನ್ನು ಡಾಕ್ಟರ್ ಹೇಳಿದರು, ಆದರೆ ಹೇಳಿದ್ದು ಮಾರನೇ ದಿನ, ಎಲ್ಲ ತಣ್ಣಗಾದ ಮೇಲೆ. ಆ ಹೊತ್ತಿನಲ್ಲಿ ಒಂದು ಮಾತೂ ಬಯ್ಯಲಿಲ್ಲ. "ಇದನ್ನ ಒಮ್ಮೆಲೇ ಬಿಚ್ಚಬಾರದು, ಮೊದಲು ಡ್ರಿಪ್ ಹಾಕ್ಲಿ, ಆಮೇಲೆ ನಾನೇ ನಿಂತು ಬಿಚ್ತೀನಿ" ಅಂದರು, ಹಾಗೇ ಮಾಡಿದರು. ಅತ್ತೆಯ ಕೈಕಾಲು ನಡುಗುತ್ತಿತ್ತು. ಅಲ್ಲಿ ಯಾರಾದರೂ ದನಿ ಎತ್ತಿದ್ದರೆ ಅವರನ್ನೂ ಇನ್ನೊಂದು ಬೆಡ್ಡಿಗೆ ಹಾಕಬೇಕಾಗುತ್ತಿತ್ತು.

ಬಾಗಿಲಲ್ಲೇ ಒಬ್ಬ ಸಿಸ್ಟರ್ ಟೇಬಲ್ ಹಾಕಿಕೊಂಡು ನಿಂತಿರುತ್ತಾರೆ. ನಾಡಿ, ಬಿಪಿ, ಉಸಿರು ನೋಡಿ ಕೆಂಪು, ಹಳದಿ, ಹಸಿರು ಅಂತ ಬಣ್ಣ ಕೊಡುತ್ತಾರೆ. ಜೀವಕ್ಕೆ ಅಪಾಯ ಇದ್ದವರು ಕೆಂಪು, ನೇರ ಒಳಗೆ. ಜ್ವರ, ಸಣ್ಣ ಗಾಯ ಹಸಿರು, ಕಾಯಬೇಕು. ಜಗಳ ಎಲ್ಲ ಹುಟ್ಟುವುದು ಇಲ್ಲೇ. ನಮಗಿಂತ ಮೊದಲು ಬಂದು ಕೂತಿದ್ದ ಒಬ್ಬರು, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದವರು, ನಾವು ಒಳಗೆ ಹೋಗಿದ್ದು ನೋಡಿ ಕೂಗಾಡಿದರು. ಸಿಸ್ಟರ್ ಅವರ ಹತ್ತಿರ ಬಂದು "ಅಣ್ಣಾ, ನಿಮ್ಮ ರಕ್ತ ನಿಂತಿದೆ, ನಾನು ಎರಡು ಸಲ ನೋಡಿದೀನಿ. ಅವರಿಗೆ ಹಾವು ಕಚ್ಚಿದೆ. ನಿಮ್ಮನ್ನ ಮರೆತಿಲ್ಲ" ಅಂದರು. ಆಮೇಲೆ ಅವರೇ ನಮ್ಮ ಅತ್ತೆಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಜನ ಸಿಟ್ಟಾಗುವುದು ಕಾಯುವುದಕ್ಕಲ್ಲ, ಯಾಕೆ ಕಾಯುತ್ತಿದ್ದೇವೆ ಅಂತ ಯಾರೂ ಹೇಳದೇ ಇದ್ದಾಗ. ಆ ಎಮರ್ಜೆನ್ಸಿಯಲ್ಲಿ ನನಗೆ ಎದ್ದು ಕಂಡಿದ್ದು ಇದೇ. ಅಷ್ಟು ಓಡಾಟದ ನಡುವೆಯೂ ಎರಡು ಮಾತು ಹೇಳಿ ಹೋಗುತ್ತಿದ್ದರು.

ಮಾವನಿಗೆ ಮಾಡಿದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಹಳ್ಳಿ ಕಡೆಯ ಎಲ್ಲರಿಗೂ ಇದು ಗೊತ್ತಿರಬೇಕು. ದೊಡ್ಡ ಮೆಷಿನ್ ಏನೂ ಇಲ್ಲ. ತೋಳಿನಿಂದ ಎರಡು ಎಂಎಲ್‌ನಷ್ಟು ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಗಾಜಿನದೇ ಆಗಬೇಕು, ಪ್ಲಾಸ್ಟಿಕ್ ಆಗದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. 20 ನಿಮಿಷ ಆದ ಮೇಲೆ ಟ್ಯೂಬ್ ಓರೆ ಮಾಡುತ್ತಾರೆ. ಹೆಪ್ಪುಗಟ್ಟಿದ್ದರೆ ರಕ್ತ ಅಲ್ಲೇ ನಿಲ್ಲುತ್ತದೆ. ಹರಿದರೆ ವಿಷ ಏರಿದೆ ಅಂತ ಅರ್ಥ.

ಸಿಸ್ಟರ್ ಟ್ಯೂಬಿಗೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಟೈಮ್ ಬರೆದರು. ಆಮೇಲೆ ಅತ್ತೆ ಕಡೆ ತಿರುಗಿ ಹೇಳಿದರು: "ಅಮ್ಮಾ, ಇನ್ನು ಇಪ್ಪತ್ತು ನಿಮಿಷ ನಾವೇನೂ ಮಾಡ್ತಿಲ್ಲ ಅಂದ್ಕೋಬೇಡಿ. ಔಷಧಿ ಬೇಕಾ ಬೇಡ್ವಾ ಅಂತ ಈ ಟ್ಯೂಬೇ ಹೇಳತ್ತೆ. ಅದಕ್ಕೇ ಕಾಯ್ತಿದೀವಿ." ಹೇಳದೆ ಹೋಗಿದ್ದರೆ ಆ 20 ನಿಮಿಷದಲ್ಲಿ ನಮ್ಮ ಕಡೆಯವರು ಯಾರಾದರೂ ಖಂಡಿತ ಜಗಳ ತೆಗೆಯುತ್ತಿದ್ದರು. ಹೇಳಿದ್ದರಿಂದ ಎಲ್ಲರೂ ಆ ಟ್ಯೂಬನ್ನೇ ನೋಡುತ್ತಾ ನಿಂತೆವು.

ರಕ್ತ ಹರಿಯಿತು. ತಕ್ಷಣ ಹಾವಿನ ವಿಷದ ಔಷಧಿ ಶುರು ಮಾಡಿದರು. ಮೊದಲ ಡೋಸೇ ಹತ್ತು ಬಾಟಲಿ. ಬಾಟಲಿ ಅಂದರೆ ಬೆರಳುದ್ದದ ಗಾಜಿನ ಶೀಶೆ, ಒಳಗೆ ಬಿಳಿ ಪುಡಿ. ಒಂದೊಂದಕ್ಕೂ ನೀರು ಸೇರಿಸಿ, ನೊರೆ ಬರದ ಹಾಗೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಸಿಸ್ಟರ್ ಒಂದಾದ ಮೇಲೆ ಒಂದು ಹೊರಳಿಸುತ್ತಲೇ ಪಕ್ಕದ ಬೆಡ್ಡಿನ ಆಕ್ಸಿಜನ್ ಮೇಲೆ ಕಣ್ಣಿಟ್ಟಿದ್ದರು, ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು, ಕೈ ಮಾತ್ರ ಅವಸರ ಮಾಡಲಿಲ್ಲ. ಈ ಔಷಧಿಗೆ ಕೆಲವರಿಗೆ ರಿಯಾಕ್ಷನ್ ಆಗುತ್ತದೆ, ಮೈಯೆಲ್ಲ ಗಂಧೆ ಏಳುತ್ತದೆ, ಬಿಪಿ ಬೀಳುತ್ತದೆ. ಅದಕ್ಕೆ ಅಡ್ರಿನಲಿನ್ ಸಿರಿಂಜ್ ಮೊದಲೇ ತುಂಬಿಸಿ ಟ್ರೇಯಲ್ಲಿ ಇಟ್ಟಿದ್ದರು. "ಮೈ ತುರಿಸಿದ್ರೆ ತಕ್ಷಣ ಹೇಳ್ಬೇಕು ಯಜಮಾನ್ರೇ, ಸಹಿಸ್ಕೊಂಡು ಮಲಗ್ಬೇಡಿ" ಅಂತ ಮಾವನಿಗೆ ಹೇಳಿದರು. ನಮ್ಮ ಕಡೆ ಗಂಡಸರು ಸಹಿಸಿಕೊಂಡು ಮಲಗುವವರೇ. ಮಾವನಿಗೆ ತುರಿಕೆ ಶುರುವಾಯಿತು, ಹೇಳಿದರು. ಔಷಧಿ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಮತ್ತೆ ನಿಧಾನಕ್ಕೆ ಶುರು ಮಾಡಿದರು.

ಇಷ್ಟಕ್ಕೆಲ್ಲ ನಾವು ಕೊಟ್ಟ ದುಡ್ಡು ಸೊನ್ನೆ. ಹೋಗುವ ಮುಂಚೆ ಒಂದು ಫಾರ್ಮ್ ತುಂಬಿಸಿಕೊಂಡರು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಮಾಡಿದೆ, ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಒಳ್ಳೆಯ ಕೆಲಸ. ಯಾವ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ ಅಂತ ಲೆಕ್ಕ ಇದ್ದರೆ ತಾನೇ ಅಲ್ಲಿಗೆ ಅಷ್ಟು ಔಷಧಿ ಮೊದಲೇ ಕಳಿಸಲು ಆಗುವುದು.

ಪಕ್ಕದ ಬೆಡ್ಡಿನಲ್ಲಿದ್ದವರಿಗೆ ಎದೆನೋವು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು ಕಳಿಸಿದ್ದರಂತೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೀಳುವ ಇಂಜೆಕ್ಷನ್, 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ. ಅವರ ಹೆಂಡತಿ ಯೋಜನೆಯ ಪೂರ್ತಿ ಹೆಸರು ಹೇಳಲಿಲ್ಲ, "ಅಪ್ಪು ಇಂಜೆಕ್ಷನ್" ಅಂದರು.

ಮಧ್ಯರಾತ್ರಿ ಆದ ಮೇಲೆ ಬೈಕಿನಿಂದ ಬಿದ್ದ ಒಬ್ಬ ಹುಡುಗನನ್ನು ಇಬ್ಬರು ದಾರಿಹೋಕರು ತಮ್ಮ ಗೂಡ್ಸ್ ಆಟೋದಲ್ಲಿ ತಂದರು. ಅಂಗಿ ತುಂಬ ಅವನ ರಕ್ತ. ಪೊಲೀಸ್ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೇನೋ ಅನ್ನುವ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ಡಾಕ್ಟರ್ "ನೀವು ಹೋಗ್ಬಹುದು, ಹೆಸರು ಕೊಡೋದು ನಿಮ್ಮಿಷ್ಟ. ತಂದಿದ್ದಕ್ಕೆ ಥ್ಯಾಂಕ್ಸ್" ಅಂದರು. ಕಾನೂನೂ ಅದನ್ನೇ ಹೇಳುತ್ತದೆ. ಗಾಯಾಳುವನ್ನು ತಂದವರನ್ನು ಹೆಸರು ಹೇಳಿ ಅಂತ ಒತ್ತಾಯ ಮಾಡುವಂತಿಲ್ಲ. ಮೊದಲು ಜೀವ ಉಳಿಸಿ, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ಹರೀಶ್ ಅನ್ನುವ ಯುವಕ ತೀರಿಕೊಂಡಿದ್ದು ನೆನಪಿರಬಹುದು. ರಸ್ತೆಯಲ್ಲಿ ಬಿದ್ದ ಸ್ಥಿತಿಯಲ್ಲೂ ತನ್ನ ಅಂಗದಾನ ಮಾಡಿ ಅಂತ ಕೇಳಿಕೊಂಡಿದ್ದರು, ಕಣ್ಣುಗಳು ದಾನವಾದವು. ಅದೇ ವರ್ಷ ಅವರ ಹೆಸರಿನಲ್ಲಿ ಸಾಂತ್ವನ ಹರೀಶ್ ಯೋಜನೆ ಬಂತು. ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ ಅಂತ ಶುರು ಮಾಡಿದ್ದು. ಇದೆಲ್ಲ ಬಾಗಿಲ ಹತ್ತಿರ ದೊಡ್ಡಕ್ಷರದಲ್ಲಿ ಬರೆದು ಹಾಕಬೇಕು. ಅಲ್ಲಿದ್ದದ್ದು ಸಿಬ್ಬಂದಿ ಮೇಲೆ ಕೈ ಮಾಡಿದರೆ ಶಿಕ್ಷೆ ಅನ್ನುವ ಬೋರ್ಡ್ ಒಂದೇ. ಅದೂ ಇರಲಿ, ಬೇಕು. ಆದರೆ ಜನರಿಗೆ ಧೈರ್ಯ ಕೊಡುವ ಬೋರ್ಡೂ ಬೇಕಲ್ವಾ?

ಆ ಹುಡುಗನಿಗೆ ಹೊಲಿಗೆ ಹಾಕುತ್ತಿರುವಾಗಲೇ ಒಬ್ಬ ಹಿರಿಯರನ್ನು ಕರೆತಂದರು. ಎದೆ ಒತ್ತುವುದಕ್ಕೆ ಶುರು ಮಾಡಿದರು. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು, ಸಾಲಿನಲ್ಲಿ ನಿಂತು ಕೈ ಬದಲಾಯಿಸುತ್ತಿದ್ದರು. ಉಳಿಯಲಿಲ್ಲ. ಡಾಕ್ಟರ್ ಅವರ ಮಗನನ್ನು ಕೂರಿಸಿ, ತಾವೂ ಒಂದು ಸ್ಟೂಲ್ ಎಳೆದುಕೊಂಡು ಎದುರು ಕೂತು, "ನಿಮ್ಮ ತಂದೆ ತೀರಿಕೊಂಡಿದಾರೆ" ಅಂದರು. ಸುತ್ತಿಬಳಸಿ ಹೇಳಲಿಲ್ಲ. ಆತ ಅಳುವಷ್ಟು ಹೊತ್ತೂ ಏಳಲಿಲ್ಲ, ಫೋನ್ ಬಂತು, ಎತ್ತಲಿಲ್ಲ. ಬೇಜಾರಿನ ಸಂಗತಿ ಅಂದರೆ ಇದೆಲ್ಲ ನಡೆದದ್ದು ಔಷಧಿ ಬೀರುವಿನ ಪಕ್ಕ, ಓಡಾಡುವ ದಾರಿಯಲ್ಲಿ, ನಮ್ಮೆಲ್ಲರ ಕಣ್ಣೆದುರಿಗೆ. ಇಂಥ ಮಾತು ಹೇಳುವುದಕ್ಕೆ ಬಾಗಿಲು ಮುಚ್ಚಬಹುದಾದ ಒಂದು ಸಣ್ಣ ರೂಮ್ ಬೇಡವೇ?

ಎದೆ ಒತ್ತಿದವರಲ್ಲಿ ಒಬ್ಬಳು ಹೌಸ್ ಸರ್ಜನ್ ಹುಡುಗಿ, ಅಂದರೆ ಇನ್ನೂ ತರಬೇತಿಯಲ್ಲಿರುವ ಡಾಕ್ಟರ್. ಕರ್ಟನ್ ಹಿಂದೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹಿರಿಯ ಸಿಸ್ಟರ್ ಹೋಗಿ, "ಮುಖ ತೊಳ್ಕೊಂಡು ಏನಾದ್ರೂ ತಿಂದು ಬಾ, ನಿನ್ನ ಬೆಡ್‌ಗಳನ್ನ ನಾನು ನೋಡ್ತೀನಿ" ಅಂತ ಕಳಿಸಿದರು. ಅಳಬೇಡ ಅನ್ನಲಿಲ್ಲ. ಹುಡುಗಿ ವಾಪಸ್ ಬಂದವಳೇ ನೇರ ಮಾವನ ಮೂತ್ರದ ಚೀಲ ನೋಡಿ ಅಳತೆ ಬರೆದುಕೊಂಡಳು. ಈ ಹಾವಿನ ವಿಷ ಕಿಡ್ನಿಗೆ ಹೊಡೆಯುತ್ತದೆ, ಅದಕ್ಕೆ ಗಂಟೆಗಂಟೆಗೂ ನೋಡಬೇಕು. ಇಂಥವರನ್ನು ಗಟ್ಟಿಗರು, ದೇವರು ಅಂತ ಕರೆದು ನಾವು ಸುಮ್ಮನಾಗಿಬಿಡುತ್ತೇವೆ. ಅಷ್ಟು ಬೆಡ್ಡಿಗೆ ಒಬ್ಬ ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್, ಅದೂ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ. ಆ ಹಿರಿಯ ಸಿಸ್ಟರ್ ಇದ್ದರು, ಹುಡುಗಿ ಸುಧಾರಿಸಿಕೊಂಡಳು. ಇಲ್ಲದ ರಾತ್ರಿ? ಎರಡು ಕೈ ಜಾಸ್ತಿ ಕೊಡುವುದು ಸರ್ಕಾರದ ಕೆಲಸ, ಅದನ್ನು ಅವರ ಒಳ್ಳೆಯತನದ ಮೇಲೆ ಹೊರಿಸಬಾರದು.

ಬೆಳಿಗ್ಗೆ ಪಾಳಿ ಬದಲಾಗುವಾಗ ಇಬ್ಬರು ಸಿಸ್ಟರ್ ಬೆಡ್ಡಿಂದ ಬೆಡ್ಡಿಗೆ ಹೋಗಿ ಒಬ್ಬೊಬ್ಬರದೂ ಹೇಳಿ ಒಪ್ಪಿಸುತ್ತಾರೆ. ಮಾವನ ಹತ್ತಿರ ಬಂದು ಎಷ್ಟು ಬಾಟಲಿ ಹೋಗಿದೆ, ರಿಯಾಕ್ಷನ್ ಆಗಿದ್ದು ಯಾವಾಗ, ಆರು ಗಂಟೆ ಆದ ಮೇಲೆ ಮತ್ತೆ ಮಾಡಿದ ಟ್ಯೂಬ್ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಎಲ್ಲ ಹೇಳಿದ ಮೇಲೆ, "ಇವರಿಗೆ ಬಲಗಿವಿ ಕೇಳಲ್ಲ, ಎಡಗಡೆ ನಿಂತು ಮಾತಾಡಿ" ಅಂದರು. ಮಾವನಿಗೆ ಬಲಗಿವಿ ಮಂದ ಅಂತ ನಾವು ಯಾರೂ ಹೇಳಿರಲಿಲ್ಲ. ಅಷ್ಟು ಗದ್ದಲದಲ್ಲಿ ಅವರೇ ಗಮನಿಸಿದ್ದರು. ಹೊಸದಾಗಿ ಬಂದ ಸಿಸ್ಟರ್ ಸುತ್ತಿ ಎಡಗಡೆಗೆ ಬಂದು ಮಾತಾಡಿಸಿದರು. ಐದು ಸ್ಟಾರ್ ಕೊಟ್ಟಿದ್ದು ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ದೂರುಗಳು. ಕುಡಿಯುವ ನೀರಿನ ಮೆಷಿನ್ ಕೆಟ್ಟಿದೆ, ಗೇಟಿನ ಹೊರಗೆ ಹೋಗಿ ಬಾಟಲಿ ತರಬೇಕು. ಶೌಚಾಲಯದಲ್ಲಿ ಬಲ್ಬ್ ಇಲ್ಲ. ರಕ್ತದ ಸ್ಯಾಂಪಲ್ ಹಿಡಿದುಕೊಂಡು ಲ್ಯಾಬಿಗೆ ಜೊತೆಯವರೇ ಓಡಬೇಕು, ಒಬ್ಬರೇ ಬಂದ ರೋಗಿ ಏನು ಮಾಡಬೇಕು? ಲ್ಯಾಬ್ ಎಲ್ಲಿದೆ ಅನ್ನುವುದಕ್ಕೆ ಬಾಣದ ಗುರುತೂ ಇಲ್ಲ. ಗೇಟಿನ ಸೆಕ್ಯುರಿಟಿಯವರ ಮಾತು ಒರಟು, ಒಳಗಿನವರು ಕಷ್ಟಪಟ್ಟು ಗಳಿಸಿದ ಹೆಸರನ್ನು ಅವರು ಬಾಗಿಲಲ್ಲೇ ಕಳೆಯುತ್ತಿದ್ದಾರೆ.

ಹೋಗುವವರಿಗೆ ಒಂದೆರಡು ಮಾತು. ರೋಗಿಯ ಜೊತೆ ಇಬ್ಬರು ಸಾಕು, ಒಬ್ಬರು ಬೆಡ್ ಹತ್ತಿರ, ಇನ್ನೊಬ್ಬರು ಓಡಾಟಕ್ಕೆ. ಆಧಾರ್, ರೇಷನ್ ಕಾರ್ಡ್, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ, ಆದರೆ ಅದನ್ನು ಹುಡುಕುತ್ತಾ ಮನೆಯಲ್ಲಿ ಹೊತ್ತು ಕಳೆಯಬೇಡಿ, ಆಮೇಲೆ ತಂದುಕೊಟ್ಟರೂ ನಡೆಯುತ್ತದೆ. ಹಾವು ಕಚ್ಚಿದ ಟೈಮ್ ನೆನಪಿಟ್ಟುಕೊಳ್ಳಿ. ಹಾವನ್ನು ಹೊಡೆದು ಹಿಡಿದು ತರಲು ಹೋಗಬೇಡಿ. ಮಾವ ಈಗ ಮನೆಯಲ್ಲಿದ್ದಾರೆ, ಕಿಡ್ನಿ ರಿಪೋರ್ಟ್ ಸರಿ ಇದೆ, ಪಾದದ ಗಾಯಕ್ಕೆ ಇನ್ನೂ ಡ್ರೆಸ್ಸಿಂಗ್ ನಡೆಯುತ್ತಿದೆ. ನೀರಿನ ಮೆಷಿನ್ ಮತ್ತು ಆ ಸಣ್ಣ ರೂಮಿನ ಬಗ್ಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅರ್ಜಿ ಬರೆದು ಕೊಟ್ಟು ಬಂದಿದ್ದೇನೆ, ರಾತ್ರಿ ಪಾಳಿಗೆ ಇನ್ನೂ ಇಬ್ಬರು ಸಿಸ್ಟರ್ ಬೇಕು ಅಂತಲೂ ಅದರಲ್ಲಿ ಬರೆದಿದ್ದೇನೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಅಂಥದೊಂದು ಸಮಿತಿ ಇದೆ, ಹೋದಾಗ ಏನು ಬೇಕು ಅಂತ ಕಂಡಿದ್ದನ್ನು ಬರೆದುಕೊಟ್ಟು ಬನ್ನಿ.