ಹಳೇ ರಿಯಲ್‌ಆಡಿಯೊ ಹಾಡುಗಳಿಗೆ ಎಫ್‌ಎಫ್‌ಎಂಪೆಗ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಕೊನೆಗೆ ಆರ್‌ಎಂ ಅಥವಾ ಆರ್‌ಎ ಅಂತ ಇರುವ ಹಳೇ ಹಾಡಿನ ಫೈಲುಗಳು ನಿಮ್ಮ ಹತ್ತಿರ ಇದ್ದರೆ, ಅವನ್ನು ಎಂಪಿ3 ಮಾಡೋಕೆ ದುಡ್ಡು ಕೊಟ್ಟು ಯಾವ ಕನ್ವರ್ಟರನ್ನೂ ಕೊಳ್ಳಬೇಡಿ. ಎಫ್‌ಎಫ್‌ಎಂಪೆಗ್ ಅನ್ನುವ ಪ್ರೋಗ್ರಾಂ ಸಾಕು. ಪುಕ್ಕಟೆ ಸಿಗುತ್ತದೆ, ಜಾಹೀರಾತಿಲ್ಲ, ನಿಮ್ಮ ಫೈಲನ್ನು ಯಾರದೋ ಸರ್ವರ್‌ಗೆ ಕಳಿಸುವುದೂ ಇಲ್ಲ. ಆದರೆ ಬಟನ್ ಒತ್ತಿದರೆ ಕೆಲಸ ಮುಗಿಯುವ ಜಾತಿಯದಲ್ಲ. ಕಪ್ಪು ಪರದೆಯಲ್ಲಿ ಕಮ್ಯಾಂಡ್ ಟೈಪ್ ಮಾಡಬೇಕು.

ನನ್ನ ಸಂಗ್ರಹ 2000ರ ಆಸುಪಾಸಿನದು. ಭಾವಗೀತೆ, ದಾಸರ ಪದ, ಹಳೇ ಸಿನಿಮಾ ಹಾಡು, ಒಂದಷ್ಟು ತಾಳಮದ್ದಳೆ. ಅರ್ಧ ನಾನೇ ಇಳಿಸಿಕೊಂಡದ್ದು. ಇನ್ನರ್ಧ ಅಮೆರಿಕದಲ್ಲಿದ್ದ ಭಾವ ಸಿಡಿಯಲ್ಲಿ ತಂದುಕೊಟ್ಟದ್ದು. ಆಗ ಹೊರದೇಶದಲ್ಲಿದ್ದ ಎಷ್ಟೋ ಕನ್ನಡದವರು ಇಂಟರ್‌ನೆಟ್ಟಿನಲ್ಲಿ ಹಾಡು ಕೇಳುತ್ತಿದ್ದದ್ದೇ ರಿಯಲ್‌ಆಡಿಯೊದಲ್ಲಿ.

ಈ ಫಾರ್ಮ್ಯಾಟ್ ಬಂದದ್ದು 1995ರಲ್ಲಿ, ಸಿಯಾಟಲ್‌ನಿಂದ. ಮೈಕ್ರೊಸಾಫ್ಟ್ ಬಿಟ್ಟು ಬಂದ ರಾಬ್ ಗ್ಲೇಸರ್ ಕಟ್ಟಿದ ಪ್ರೊಗ್ರೆಸಿವ್ ನೆಟ್‌ವರ್ಕ್ಸ್ ಕಂಪನಿ ಅದನ್ನು ತಂದಿತು. ಮುಂದೆ 1997ರಲ್ಲಿ ಅದರ ಹೆಸರು ರಿಯಲ್‌ನೆಟ್‌ವರ್ಕ್ಸ್ ಆಯಿತು. 28.8 ಕಿಲೋಬಿಟ್ ಮೋಡೆಮ್ ಇದ್ದವರೂ ಹಾಡು ಪೂರ್ತಿ ಇಳಿಯುವ ತನಕ ಕಾಯದೆ ಕೇಳಬೇಕು ಅನ್ನುವುದು ಲೆಕ್ಕ. ಅದಕ್ಕೆ ಹಾಡನ್ನು ಸೆಕೆಂಡಿಗೆ 20 ಕಿಲೋಬಿಟ್‌ಗೆ ಹಿಂಡುತ್ತಿದ್ದರು. ಐದು ನಿಮಿಷದ ಹಾಡು ಸುಮಾರು 750 ಕೆಬಿ. ಅದೇ ಹಾಡು 128 ಕಿಲೋಬಿಟ್ ಎಂಪಿ3 ಆದರೆ ಹತ್ತಿರ ಹತ್ತಿರ 5 ಎಂಬಿ. ಡಯಲ್‌ಅಪ್ ಕಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ತೊಂದರೆ ಏನಪ್ಪಾ ಅಂದರೆ, ಫಾರ್ಮ್ಯಾಟ್ ಅವರ ಸ್ವಂತದ್ದು. ಕೇಳಬೇಕಾದರೆ ಅವರದೇ ರಿಯಲ್‌ಪ್ಲೇಯರ್ ಬೇಕಿತ್ತು. ಅದರ ಖ್ಯಾತಿ ಗೊತ್ತಲ್ಲ, 2006ರಲ್ಲಿ ಪಿಸಿ ವರ್ಲ್ಡ್ ಪತ್ರಿಕೆ ಮಾಡಿದ ಸಾರ್ವಕಾಲಿಕ ಕೆಟ್ಟ ಟೆಕ್ ಸರಕುಗಳ ಪಟ್ಟಿಯಲ್ಲಿ ಎರಡನೇ ಸ್ಥಾನ! ಇವತ್ತಿನ ಫೋನಿಗೋ ಕಾರಿನ ಸ್ಟೀರಿಯೊಗೋ ಈ ಫೈಲು ಕೊಟ್ಟರೆ ಅದು ಹಾಡು ಅಂತಲೇ ಒಪ್ಪಿಕೊಳ್ಳುವುದಿಲ್ಲ.

ಎಫ್‌ಎಫ್‌ಎಂಪೆಗ್ ಒಪ್ಪಿಕೊಳ್ಳುತ್ತದೆ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಓಪನ್ ಸೋರ್ಸ್ ಯೋಜನೆ ಇದು. ರಿಯಲ್‌ಆಡಿಯೊ ಅನ್ನುವುದು ಒಂದೇ ಬಗೆ ಅಲ್ಲ, ಒಳಗೆ ಬೇರೆ ಬೇರೆ ಕೋಡೆಕ್‌ಗಳಿವೆ, ಅಂದರೆ ದನಿಯನ್ನು ಹಿಂಡುವ ವಿಧಾನಗಳು. ಬರೀ ಮಾತಿಗೆಂದೇ ಮಾಡಿದ 14.4, ಆಮೇಲಿನ 28.8, ಸಿಪ್ರೊ, ಹಾಡಿಗೆ ಹೆಚ್ಚಾಗಿ ಬಳಸಿದ ಕುಕ್, ಸೋನಿಯ ಅಟ್ರ್ಯಾಕ್3, 2004ರ ಹೊತ್ತಿಗೆ ಬಂದ ಎಎಸಿ. ಬಹುಪಾಲು ಕೋಡೆಕ್‌ಗಳನ್ನು ಆಸಕ್ತರು ಬಿಡಿಸಿ ನೋಡಿ, ಅರ್ಥ ಮಾಡಿಕೊಂಡು, ಹಿಂಡಿದ್ದನ್ನು ಮತ್ತೆ ದನಿಯಾಗಿಸುವ ಡಿಕೋಡರ್ ಬರೆದಿದ್ದಾರೆ. ಕುಕ್ ಡಿಕೋಡರ್ ಎಫ್‌ಎಫ್‌ಎಂಪೆಗ್‌ಗೆ ಸೇರಿದ್ದು 2005ರಲ್ಲಿ. ವಿಎಲ್‌ಸಿ ಪ್ಲೇಯರಿನಲ್ಲಿ ಹಳೇ ರಿಯಲ್ ಫೈಲು ಓಡುತ್ತದಲ್ಲ, ಅದರ ಹಿಂದೆ ಇರುವುದೂ ಇದೇ ಕೋಡು.

ಬಳಸುವುದು ಹೇಗೆ? ಎಫ್‌ಎಫ್‌ಎಂಪೆಗ್ ಅಂತ ಬರೆದು, ಹೈಫನ್ ಐ ಹಾಕಿ, ಹಳೇ ಫೈಲಿನ ಹೆಸರು, ಕೊನೆಗೆ ಹೊಸ ಹೆಸರು. ಹೊಸ ಹೆಸರಿನ ಕೊನೆಗೆ ಎಂಪಿ3 ಅಂತ ಇದ್ದರೆ ಎಂಪಿ3 ಆಗುತ್ತದೆ, ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಹಿಂಡುವ ಫಾರ್ಮ್ಯಾಟ್) ಅಂತ ಇದ್ದರೆ ಫ್ಲ್ಯಾಕ್. ಅಷ್ಟೇ. ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ವಿಂಡೋಸ್‌ನ ಕಪ್ಪು ಪರದೆಯಲ್ಲಿ ಬರೀ ಡಬ್ಬಿ ಡಬ್ಬಿಯಾಗಿ ಕಾಣಬಹುದು. ಗಾಬರಿ ಬೇಡ, ಫೈಲಿನ ಹೆಸರು ಸರಿಯಾಗಿಯೇ ಇರುತ್ತದೆ.

ನನಗೆ ತುಂಬಾ ಇಷ್ಟವಾದ ಗುಣ: ಹೆಸರಿನ ಕೊನೆ ನೋಡಿ ಮೋಸ ಹೋಗುವುದಿಲ್ಲ. ಒಳಗೆ ಏನಿದೆ ಅಂತ ಇಣುಕಿ ನೋಡುತ್ತದೆ. ಆರ್‌ಎ ಅಂತ ಹೆಸರಿದ್ದು ಒಳಗೆ ಬೇರೇನೋ ಇದ್ದರೂ ಕೆಲಸ ನಡೆಯುತ್ತದೆ. ಅರ್ಧಕ್ಕೇ ನಿಂತ ಡೌನ್‌ಲೋಡ್‌ಗಳನ್ನೂ ಇದ್ದಷ್ಟು ದೂರ ಓದಿ ಕೊಟ್ಟಿದೆ. ಕೊನೆಯ ಕೆಲವು ಸೆಕೆಂಡು ಮಾತ್ರ ಹೋಗುತ್ತದೆ. ಅದಕ್ಕೂ ಕಾರಣ ಇದೆ. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಒಂದೇ ಕಡೆ ದೊಡ್ಡ ತೂತು ಬೀಳಬಾರದು ಅಂತ ರಿಯಲ್‌ನವರು ತುಣುಕುಗಳನ್ನು ಬೇಕಂತಲೇ ಕಲಸಿ ಹರಡಿಟ್ಟಿರುತ್ತಾರೆ. ಒಂದು ಕಂತು ಪೂರ್ತಿ ಬರದಿದ್ದರೆ ಅದನ್ನು ಮತ್ತೆ ಜೋಡಿಸೋಕೆ ಆಗುವುದಿಲ್ಲ.

ಕೆಲವು ಫೈಲುಗಳಲ್ಲಿ ಒಂದೇ ಹಾಡು ಎರಡು ಮೂರು ಗುಣಮಟ್ಟದಲ್ಲಿ ಕೂತಿರುತ್ತದೆ. ಮೋಡೆಮ್ ವೇಗಕ್ಕೆ ತಕ್ಕದ್ದನ್ನು ಕಳಿಸೋಕೆ ಮಾಡಿದ ಶೂರ್‌ಸ್ಟ್ರೀಮ್ ಏರ್ಪಾಡು ಅದು. ಇಂಥ ಕಡೆ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ನಿಂದ ಮೊದಲು ಪಟ್ಟಿ ನೋಡಿ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವುದು) ಜಾಸ್ತಿ ಇರುವುದನ್ನು ಮ್ಯಾಪ್ ಆಯ್ಕೆಯಿಂದ ಆರಿಸಿಕೊಳ್ಳಿ. ಎಫ್‌ಎಫ್‌ಪ್ರೋಬ್ ಎಎಸಿ ಅಂತ ತೋರಿಸಿದರೆ ನಿಮ್ಮ ಅದೃಷ್ಟ. ಕಾಪಿ ಆಯ್ಕೆ ಕೊಟ್ಟು ನೇರ ಎಂ4ಎ ಫೈಲಿಗೆ ಎತ್ತಿಡಬಹುದು. ಮತ್ತೆ ಹಿಂಡುವ ಮಾತೇ ಇಲ್ಲ, ಗುಣಮಟ್ಟ ಒಂದು ಚೂರೂ ಕೆಡುವುದಿಲ್ಲ.

ಎಷ್ಟು ಕಿಲೋಬಿಟ್‌ಗೆ ಬದಲಾಯಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. 320 ಅಂತ ಹಾಕುವವರೇ ಜಾಸ್ತಿ. ಏನೂ ಪ್ರಯೋಜನ ಇಲ್ಲ. 20 ಕಿಲೋಬಿಟ್‌ಗೆ ಹಿಂಡಿದಾಗಲೇ ತಾಳದ ಕಿಣಿಕಿಣಿ, ತಂಬೂರಿಯ ಮೇಲಿನ ನಾದ ಎಲ್ಲ ಹೋಗಿದೆ. ಅನುಮಾನ ಇದ್ದರೆ ದನಿ ತಿದ್ದುವ ಆಡಾಸಿಟಿ ಪ್ರೋಗ್ರಾಂನಲ್ಲಿ ಸ್ಪೆಕ್ಟ್ರೋಗ್ರಾಮ್ (ದನಿಯ ಸ್ವರಮಟ್ಟಗಳ ಚಿತ್ರ) ತೆರೆದು ನೋಡಿ, ಮೇಲಿನ ಭಾಗ ಖಾಲಿ ಖಾಲಿ. 750 ಕೆಬಿಯ ಹಾಡು ಸುಮ್ನೆ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ, ಕೇಳುವುದು ಅದೇ ಡಬ್ಬದ ದನಿ. ನಾನು 96 ಇಡುತ್ತೇನೆ, ಸ್ವಲ್ಪ ಚೆನ್ನಾಗಿರುವ ಫೈಲಿಗೆ 128. ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಎಂಪಿ3ಗೆ ತಾನೇ ಒಂದು ಬಿಟ್‌ರೇಟ್ ಆರಿಸಿಕೊಳ್ಳುತ್ತದೆ. ಗುಂಯ್‌ಗುಡುವ ಸದ್ದು ತೆಗೆಯುವುದು, ದನಿ ಎತ್ತರಿಸುವುದು ಇದೆಯಾದರೆ ಮೊದಲು ಫ್ಲ್ಯಾಕ್ ಮಾಡಿ, ತಿದ್ದುಪಡಿ ಎಲ್ಲ ಅದರಲ್ಲಿ ಮುಗಿಸಿ, ಕೊನೆಗೆ ಒಂದೇ ಸಲ ಎಂಪಿ3 ಮಾಡಿ.

ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಎಂಪಿ3 ಆದಮೇಲೆ ಇದ್ಯಾಕೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಎಂಪಿ3 ಅನ್ನುವುದು ಹಿಂಡಿದ್ದನ್ನೇ ಮತ್ತೆ ಹಿಂಡಿದ್ದು. ಇರುವುದರಲ್ಲಿ ಒಳ್ಳೆಯ ಪ್ರತಿ ಆ ಆರ್‌ಎಂ ಫೈಲೇ. ಡಿಕೋಡರ್ ಈಗ ಯಾವ ಒಂದು ಕಂಪನಿಯ ಕೈಯಲ್ಲೂ ಇಲ್ಲ, ಕೋಡು ಎಲ್ಲರಿಗೂ ಸಿಗುತ್ತದೆ. ಹಾಗಾಗಿ ಆರ್‌ಎಂ ಹಳತಾಯಿತು, ಓಡುವುದಿಲ್ಲ ಅನ್ನುವ ಹೆದರಿಕೆಗೆ ಈಗ ಅರ್ಥವಿಲ್ಲ. ನನ್ನ ತಾಳಮದ್ದಳೆಗಳು ಈಗಲೂ ಆರ್‌ಎಂ ಆಗಿಯೇ ಇವೆ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿಯಿಂದ ಕೇಳುತ್ತೇನೆ. ಎಂಪಿ3 ಮಾಡುವುದು ಅಮ್ಮನ ಫೋನಿಗೆ, ಕಾರಿನ ಪೆನ್‌ಡ್ರೈವ್‌ಗೆ ಬೇಕಾದವನ್ನು ಮಾತ್ರ.

ಇನ್ನು ದೂರುಗಳು. ಹಾಡಿದವರ ಹೆಸರಿನದು ದೊಡ್ಡ ತಾಪತ್ರಯ. ರಿಯಲ್ ಫೈಲಿನಲ್ಲಿ ಟೈಟಲ್, ಆಥರ್, ಕಾಪಿರೈಟ್, ಕಾಮೆಂಟ್ ಅಂತ ನಾಲ್ಕೇ ಖಾನೆ. ಎಂಪಿ3 ಆಗುವಾಗ ಆ ಆಥರ್ ಹೆಸರು ಆರ್ಟಿಸ್ಟ್ ಖಾನೆಗೆ ಬಂದು ಕೂರುವುದಿಲ್ಲ. ಫೋನಿನಲ್ಲಿ ನೋಡಿದರೆ ಎಲ್ಲರೂ ಅನಾಮಧೇಯರು! ಕಮ್ಯಾಂಡಿನಲ್ಲೇ ಕೈಯಾರೆ ಹೆಸರು ಕೊಡಬೇಕು. ಒಳ್ಳೆಯದು ಅಂದರೆ ಕನ್ನಡದಲ್ಲೇ ಕೊಡಬಹುದು. ಜೊತೆಗೆ ಹಾಡಿನ ಹೆಸರು, ಹಾಡಿದವರ ಹೆಸರು ಎಲ್ಲ ಫೈಲಿನೊಳಗೆ ಇಡೋಕೆ ಎಫ್‌ಎಫ್‌ಎಂಪೆಗ್ ಬರೆಯುವ ಟ್ಯಾಗ್ ಐಡಿ3ಯ 2.4ನೇ ಆವೃತ್ತಿ. ಹಳೇ ಸ್ಟೀರಿಯೊಗಳು ಅದನ್ನು ಓದದೆ ಇರಬಹುದು. ಆವೃತ್ತಿ 3 ಬೇಕು ಅಂತ ಹೇಳಿದರೆ 2.3ರಲ್ಲಿ ಬರೆಯುತ್ತದೆ.

ಮೂಲ ತಾಣದಲ್ಲಿ ಸಿಗುವುದು ಬರೀ ಸೋರ್ಸ್ ಕೋಡ್. ವಿಂಡೋಸ್‌ಗೆ ಸಿದ್ಧ ಪ್ರೋಗ್ರಾಂ ಬೇಕಾದರೆ ಅಲ್ಲೇ ಕೊಟ್ಟಿರುವ ಕೊಂಡಿ ಹಿಡಿದು ಬೇರೆಯವರ ತಾಣಕ್ಕೆ ಹೋಗಬೇಕು. ಹುಡುಕಿದಾಗ ಮೊದಲು ಕಂಡದ್ದನ್ನೇ ಇಳಿಸಬೇಡಿ. ಉಬುಂಟು ಲಿನಕ್ಸ್‌ನಲ್ಲಿ ಈಗ ಸಲೀಸು. ಮಧ್ಯೆ ಒಂದು ಕಾಲ ಇತ್ತು. 2011ರಲ್ಲಿ ತಂಡ ಒಡೆದು ಲಿಬಾವ್ ಅಂತ ಬೇರೆ ಸಂಸಾರ ಹೂಡಿದರು. ಉಬುಂಟು ಅವರ ಕಡೆ ಹೋಯಿತು. ಎಫ್‌ಎಫ್‌ಎಂಪೆಗ್ ಅಂತ ಟೈಪ್ ಮಾಡಿದರೆ 'ಇದು ಹಳತಾಯಿತು, ಆ ಇನ್ನೊಂದನ್ನು ಬಳಸಿ' ಅಂತ ಬುದ್ಧಿವಾದ ಬರುತ್ತಿತ್ತು. 2015ರ ಆವೃತ್ತಿಯಲ್ಲಿ ಮತ್ತೆ ವಾಪಸ್ ತಂದರು.

ತುಂಬಾ ಫೈಲಿದ್ದರೆ ಎಲ್ಲಕ್ಕೂ ಸರದಿಯಂತೆ ಅದೇ ಕಮ್ಯಾಂಡ್ ಓಡಿಸುವ ಲೂಪ್ ಬರೆಯಬಹುದು. ಹೈಫನ್ ಎನ್ ಆಯ್ಕೆ ತಪ್ಪದೆ ಹಾಕಿ, ಇರುವ ಫೈಲಿನ ಮೇಲೆ ಬರೆಯುವುದಿಲ್ಲ. ಒಂದೇ ಹೆಸರಿನ ಆರ್‌ಎ, ಆರ್‌ಎಂ ಎರಡೂ ಇದ್ದರೆ ಇದು ಬೇಕೇ ಬೇಕು.

ಇದರ ಕೈಯಲ್ಲೂ ಆಗದ್ದು ಎರಡಿವೆ. ಒಂದು, ನಕಲು ಮಾಡದಂತೆ ಬೀಗ ಹಾಕಿದ ಫೈಲು. ಸೋನಿಯ ಹಳೇ ಒಎಂಎ ಫೈಲುಗಳಲ್ಲಿ ಬೀಗ ಇಲ್ಲದಿದ್ದರೆ ಆರಾಮಾಗಿ ಓದುತ್ತದೆ, ಇದ್ದರೆ ಕೀಲಿ ಇಲ್ಲದೆ ಆಗುವುದಿಲ್ಲ. ಇನ್ನೊಂದು ಆರ್‌ಎಎಂ. ಭಾವನ ಸಿಡಿಯಲ್ಲಿ ಇವೂ ಬೇಕಾದಷ್ಟಿದ್ದವು. ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಒಳಗೆ ಹಾಡೇ ಇಲ್ಲ, ಯಾವುದೋ ಸರ್ವರಿನ ವಿಳಾಸದ ಒಂದು ಸಾಲು. ಆ ಸರ್ವರ್ ಮುಚ್ಚಿದ್ದರೆ ಯಾವ ಕನ್ವರ್ಟರೂ ಏನೂ ಮಾಡಲಾರದು. ಆರ್‌ಎಎಂ ಅನ್ನು ಎಂಪಿ3 ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡುವ ಮುಂಚೆ ಫೈಲಿನ ಗಾತ್ರ ನೋಡಿ. ಒಂದು ಕೆಬಿಗಿಂತ ಕಡಿಮೆ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದುಕೊಂಡದ್ದು ಆ ಆರ್ಟಿಸ್ಟ್ ಖಾನೆಗೆ.